ಗಂಡೋ, ಹೆಣ್ಣೋ, ಬೀಜ ತೆಗೆಸಿದ್ದೋ: ದನದ ರಾಂಚಿಗೆ ಕುದುರೆ ಕೊಳ್ಳುವವರ ಪ್ರಶ್ನೆಗಳು

ಈ ಸಲದ ಪತ್ರಗಳೆಲ್ಲ ಕುದುರೆಯವು. ಅದರಲ್ಲೂ ಹೆಚ್ಚಿನವು ಅಮೆರಿಕದಲ್ಲಿ ಜಮೀನು ಕೊಂಡು ದನ ಸಾಕಲು ಹೊರಟ ಕನ್ನಡಿಗರವು. ಮೊದಲಿಗೆ ಹೆಸರುಗಳನ್ನು ಹೊಂದಿಸಿಕೊಳ್ಳೋಣ. ರಾಂಚ್ ಎಂದರೆ ದನ ಸಾಕುವ ದೊಡ್ಡ ಹುಲ್ಲುಗಾವಲಿನ ಜಮೀನು. ನಮ್ಮಲ್ಲಿ ಹೋರಿಗೂ ಎತ್ತಿಗೂ ಏನು ಸಂಬಂಧವೋ ಅಲ್ಲಿ ಸ್ಟಾಲಿಯನ್ನಿಗೂ ಗೆಲ್ಡಿಂಗಿಗೂ ಅದೇ ಸಂಬಂಧ. ಬೀಜವಿರುವ ಗಂಡು ಸ್ಟಾಲಿಯನ್, ಬೀಜ ತೆಗೆಸಿದ್ದು ಗೆಲ್ಡಿಂಗ್. ಹೆಣ್ಣು ಕುದುರೆಯನ್ನು ಹೆಣ್ಣು ಕುದುರೆ ಎಂದೇ ಬರೆದಿದ್ದೇವೆ.

ಪ್ರಶ್ನೆ: ಆಸ್ಟಿನ್ ಪಕ್ಕದಲ್ಲಿ 60 ಎಕರೆ ಹುಲ್ಲುಗಾವಲು ಕೊಂಡಿದ್ದೇವೆ, 25 ಹಸುಗಳಿವೆ. ನಾನೂ ಮನೆಯವರೂ ಎರಡು ವರ್ಷದಿಂದ ಸವಾರಿ ಕಲಿಯುತ್ತಿದ್ದೇವೆ. ಬೇಲಿ ನೋಡಿಕೊಂಡು ಬರಲು, ದನ ಹೊಡೆದು ತರಲು ಒಂದು ಕುದುರೆ ಸಾಕು. ಪಕ್ಕದವರು ಒಬ್ಬರು ಗೆಲ್ಡಿಂಗ್ ಅಂತಾರೆ, ಇನ್ನೊಬ್ಬರು ಹೆಣ್ಣೇ ಚುರುಕು ಅಂತಾರೆ. ಯಾವುದು ಕೊಳ್ಳೋಣ? (ಟೆಕ್ಸಾಸ್)

ಉತ್ತರ: ನಿಮಗೆ ಮರಿ ಬೇಕಿಲ್ಲ. ಮರಿ ಬೇಡದವರ ಮೊದಲ ಕುದುರೆ ಗೆಲ್ಡಿಂಗೇ ಆಗಲಿ. ಹೆಣ್ಣಿಗಿಂತ ಅದರ ಗುಣ ಮೇಲು ಅಂತಲ್ಲ. ಸೋಮವಾರ ಹೇಗಿತ್ತೋ ಶನಿವಾರವೂ ಹಾಗೇ ಇರುತ್ತದೆ, ಅಷ್ಟೇ. ವಾರಕ್ಕೆರಡು ದಿನ ಮಾತ್ರ ಜೀನು ಹಾಕುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ.

ವಯಸ್ಸು ಎಂಟರಿಂದ ಹದಿನಾಲ್ಕು ನೋಡಿ. ನಾಲ್ಕು ವರ್ಷದ, ಮೈ ಮಿರಮಿರ ಮಿಂಚುವ ಕುದುರೆ ತೋರಿಸಿ ಮರುಳು ಮಾಡುವವರಿರುತ್ತಾರೆ. ಅದಕ್ಕೂ ಕೆಲಸ ಬರದು, ನಿಮಗೂ ಬರದು ಎಂದಾದರೆ ಇಬ್ಬರಲ್ಲಿ ಕಲಿಸುವವರು ಯಾರು? ಹನ್ನೆರಡು ವರ್ಷದ, ದನದ ಕೆಲಸದಲ್ಲಿ ಪಳಗಿದ ಕ್ವಾರ್ಟರ್ ಹಾರ್ಸ್ (ಅಮೆರಿಕದ ಒಂದು ಕುದುರೆ ತಳಿ) ನಿಮಗೇ ಪಾಠ ಹೇಳುತ್ತದೆ. ಭಾರದ ಲೆಕ್ಕವನ್ನೂ ಮರೆಯಬೇಡಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು. 480 ಕಿಲೋ ಕುದುರೆಗೆ ಅದು 96 ಕಿಲೋ. ಹಗ್ಗ ಕಟ್ಟುವ ಕೊಂಬಿರುವ ರಾಂಚ್ ಜೀನೇ 16ರಿಂದ 20 ಕಿಲೋ ತೂಗುತ್ತದೆ. ಉಳಿದದ್ದಷ್ಟೇ ನಿಮ್ಮ ಪಾಲು.

ಕೊಳ್ಳುವ ದಿನ ಮಾರುವವರು ಕುದುರೆ ಹಿಡಿದು, ಜೀನು ಬಿಗಿದು ಸಿದ್ಧಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಹುಲ್ಲುಗಾವಲಿನಲ್ಲಿ ಬಿಟ್ಟಿರುವಾಗ ಹೋಗಿ ಹಿಡಿಯುವುದನ್ನು ನೋಡಬೇಕು. ಕೈಗೆ ಸಿಗದ ಕುದುರೆಯ ಹಿಂದೆ ಓಡುವುದರಲ್ಲೇ ಅರ್ಧ ಬೆಳಗು ಹೋಗುತ್ತದೆ. ನಾಲ್ಕೂ ಗೊರಸು ಎತ್ತಿ ನೋಡಿ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದೆ ಮಡಚಿ ಕಚ್ಚಲು ತಿರುಗುತ್ತದೆಯೇ ಗಮನಿಸಿ. ಮೊದಲು ಮಾರುವವರೇ ಹತ್ತಲಿ, ಆಮೇಲೆ ನೀವು. ಉಳಿದ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಅರ್ಧ ಮೈಲಿ ಹೋಗುತ್ತದೆಯೇ ಎಂಬುದೇ ದೊಡ್ಡ ಪರೀಕ್ಷೆ. ಹಾದಿಯುದ್ದಕ್ಕೂ ಕೆನೆಯುತ್ತ ಲಾಯದ ಕಡೆಗೇ ಎಳೆಯುವ ಕುದುರೆಯಿಂದ ಬೇಲಿ ನೋಡುವ ಕೆಲಸ ಆಗದು. ಗೇಟಿನ ಪಕ್ಕ ಒತ್ತಿ ನಿಲ್ಲಿಸಿ, ಮೇಲೆ ಕೂತೇ ಚಿಲಕ ತೆಗೆದು ಹಾಕಿ. ಕುಣಿಕೆ ಹಗ್ಗವನ್ನು ತಲೆಯ ಮೇಲೆ ಬೀಸಿ. ಸಣ್ಣ ದಿಮ್ಮಿಯೊಂದನ್ನು ಹಗ್ಗಕ್ಕೆ ಕಟ್ಟಿ ಎಳೆಸಿ. ಕೊನೆಗೆ ಟ್ರೇಲರ್ ಹತ್ತಿಸಿ ಇಳಿಸಿ.

ಪಶುವೈದ್ಯರ ತಪಾಸಣೆ ನೀವೇ ಗೊತ್ತುಮಾಡಿಕೊಂಡವರಿಂದ ಆಗಲಿ, ಮಾರುವವರ ವೈದ್ಯರಿಂದ ಬೇಡ. ಕುದುರೆಗೆ ಬರುವ ಸೋಂಕು ರಕ್ತಹೀನತೆಯ ಕಾಗಿನ್ಸ್ ಪರೀಕ್ಷೆಯ ಕಾಗದ ಕೇಳಿ. ಅದೇ ಹೊತ್ತಿಗೆ ಒಂದು ಸೀಸೆ ರಕ್ತ ತೆಗೆಸಿ ಶೀತದಲ್ಲಿ ಇರಿಸಿ. ಮನೆಗೆ ತಂದ ಹದಿನೈದನೇ ದಿನ ಕುದುರೆ ಬೇರೆಯೇ ಪ್ರಾಣಿಯಂತೆ ಆಡಿದರೆ, ಮಾರುವ ದಿನ ಮತ್ತಿನ ಮದ್ದು ಕೊಟ್ಟಿದ್ದರೇ ಎಂದು ಆ ಸೀಸೆಯೇ ಹೇಳುತ್ತದೆ.

ಎರಡು ಮಾತು, ನೀವು ಕೇಳದಿದ್ದರೂ. ಒಂದೇ ಕುದುರೆ ಸಾಕಬೇಡಿ. ಅದು ಹಿಂಡಿನ ಪ್ರಾಣಿ, ಒಂಟಿಯಾದರೆ ಬೇಲಿಯುದ್ದಕ್ಕೂ ಓಡಾಡಿ ಸೊರಗುತ್ತದೆ. ಇಬ್ಬರೂ ಸವಾರಿ ಮಾಡುವವರಾದ್ದರಿಂದ ಎರಡು ಗೆಲ್ಡಿಂಗ್ ಇಡಿ. ಇನ್ನೊಂದು, ನಿಮ್ಮ ಹಸುಗಳ ಹಿಂಡಿಯಲ್ಲೋ ಖನಿಜ ಮಿಶ್ರಣದಲ್ಲೋ ಮೊನೆನ್ಸಿನ್ ಎಂಬ ಮದ್ದು ಇದೆಯೇ ಎಂದು ಚೀಲದ ಚೀಟಿ ಓದಿ. ದನಕ್ಕೆ ಒಗ್ಗುವ ಅದು ಕುದುರೆಯ ಹೃದಯದ ಸ್ನಾಯುವನ್ನೇ ಕೊಲ್ಲುತ್ತದೆ, ಅದಕ್ಕೆ ಮದ್ದಿಲ್ಲ. ಆ ಚೀಲ ಕುದುರೆಯ ಬಾಯಿಗೆ ಎಟುಕುವಲ್ಲಿ ಇರಲೇಕೂಡದು.

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಏಳು ವರ್ಷದ ಹೆಣ್ಣು ಕುದುರೆ ತಂದೆವು. ಚಳಿಗಾಲವೆಲ್ಲ ಹಸುವಿನಷ್ಟು ಸಾಧು. ಏಪ್ರಿಲ್ ಬಂದಿದ್ದೇ ತಡ, ಮುಟ್ಟಿದರೆ ಮುನಿ. ಪಕ್ಕೆ ಸವರಿದರೆ ಒದೆಯುತ್ತದೆ, ಬಾಲ ಎತ್ತಿ ಉಚ್ಚೆ ಹನಿಸುತ್ತದೆ, ದನದ ಮೇಲೆ ಗಮನವೇ ಇಲ್ಲ. ಒಂದು ಮರಿ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ? (ಕೊಲೊರಾಡೊ)

ಉತ್ತರ: ಮೋಸ ಮಾಡಿದ್ದು ಕಾಲಮಾನ. ಹೆಣ್ಣು ಕುದುರೆ ವರ್ಷವಿಡೀ ಬೆದೆಗೆ ಬರುವುದಿಲ್ಲ. ಹಗಲು ಉದ್ದವಾದಾಗ, ಉತ್ತರ ಗೋಳದಲ್ಲಿ ಸುಮಾರು ಏಪ್ರಿಲಿನಿಂದ ಅಕ್ಟೋಬರ್‌ವರೆಗೆ, 21 ದಿನಕ್ಕೊಮ್ಮೆ ಬರುತ್ತದೆ. ಪ್ರತಿ ಸಲ ಐದರಿಂದ ಏಳು ದಿನ. ಡಿಸೆಂಬರಿನಲ್ಲಿ ಅಂಡಾಶಯ ಮಲಗಿರುತ್ತದೆ. ನೀವು ನೋಡಿ ಮೆಚ್ಚಿದ್ದು ಆ ಮಲಗಿದ ಕಾಲದ ಕುದುರೆಯನ್ನು. ಮುಂದೆ ಯಾರಾದರೂ ಹೆಣ್ಣು ಕೊಳ್ಳುವವರಿದ್ದರೆ ಮೇ–ಜೂನ್‌ನಲ್ಲಿ ವಾರಕ್ಕೊಮ್ಮೆ ಮೂರು ಸಲ ಹೋಗಿ ಸವಾರಿ ಮಾಡಿ ನೋಡಲಿ. 21 ದಿನದ ಚಕ್ರದಲ್ಲಿ ಮೂರರಲ್ಲಿ ಒಂದು ಭೇಟಿಯಾದರೂ ಬೆದೆಯ ದಿನಕ್ಕೆ ತಾಗುವ ಸಂಭವ ಹೆಚ್ಚು.

ನಿಮ್ಮದಕ್ಕೆ ಈಗ ಬೇಕಿರುವುದು ಕ್ಯಾಲೆಂಡರ್. ಎರಡು ತಿಂಗಳು ದಿನವೂ ಒಂದೇ ಸಾಲು ಬರೆಯಿರಿ: ಒದ್ದಿತೇ, ಬಾಲ ಎತ್ತಿತೇ, ಕೆಲಸ ಮಾಡಿತೇ. ಕೆಟ್ಟ ದಿನಗಳು ಮೂರು ವಾರಕ್ಕೊಮ್ಮೆ ಗುಂಪಾಗಿ ಬಂದರೆ ಬೆದೆಯ ಆಟ. ಹಾಗಲ್ಲದೆ ಚೆಲ್ಲಾಪಿಲ್ಲಿಯಾಗಿ ಬಂದರೆ ಬೆದೆಯನ್ನು ದೂರಬೇಡಿ. ಜೀನಿನ ಮರದ ಚೌಕಟ್ಟು ಬೆನ್ನಿಗೆ ಕೂರುತ್ತಿಲ್ಲವೇ, ಹೊಟ್ಟೆಪಟ್ಟಿಯ ಜಾಗದಲ್ಲಿ ಹುಣ್ಣಿದೆಯೇ, ಜಠರದಲ್ಲಿ ಹುಣ್ಣಾಗಿದೆಯೇ ಎಂದು ನೋಡಬೇಕು. ಹೆಣ್ಣು ಎಂದ ಕೂಡಲೇ ಎಲ್ಲ ನೋವಿಗೂ ‘ಮೂಡು ಸರಿಯಿಲ್ಲ’ ಎಂದು ಹಣೆಪಟ್ಟಿ ಹಚ್ಚುವ ಚಟ ಕುದುರೆ ಸಾಕುವವರಲ್ಲಿ ಬಹಳ. ಬೆದೆಯೇ ನಿಲ್ಲದೆ ಇರುವುದು, ಅಥವಾ ಹೆಣ್ಣೇ ಗಂಡಿನಂತೆ ಬೇರೆ ಕುದುರೆಗಳನ್ನು ಅಟ್ಟುವುದು ಕಂಡರೆ ಅಂಡಾಶಯದ ಗಡ್ಡೆ ಇರಬಹುದು. ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆ ಬದಿಯ ಅಂಡಾಶಯ ತೆಗೆದರೆ ಕುದುರೆ ಸರಿಹೋಗುತ್ತದೆ.

ಬೆದೆಯದೇ ತೊಂದರೆ ಎಂದು ಖಚಿತವಾದರೆ ಆಲ್ಟ್ರಿನೋಜೆಸ್ಟ್ ಎಂಬ ಹಾರ್ಮೋನು ಎಣ್ಣೆಯಿದೆ. ವೈದ್ಯರ ಚೀಟಿ ಬೇಕು. 50 ಕಿಲೋಗೆ 1 ಮಿಲೀ ಲೆಕ್ಕದಲ್ಲಿ, ಅಂದರೆ 500 ಕಿಲೋ ಕುದುರೆಗೆ 10 ಮಿಲೀ, ದಿನವೂ ಒಂದೇ ಹೊತ್ತಿಗೆ ನಾಲಿಗೆಯ ಮೇಲೋ ದಾಣಿಯ ಮೇಲೋ ಹಾಕುತ್ತಾರೆ. ಒಂದು ದಿನ ತಪ್ಪಿದರೂ ಕೆಡುತ್ತದೆ. ಇದು ಮನುಷ್ಯರ ಚರ್ಮದ ಮೂಲಕ ಒಳಗಿಳಿಯುತ್ತದೆ. ಹೆಂಗಸರ ಮುಟ್ಟು ಏರುಪೇರಾಗಬಹುದು, ಬಸುರಿಯರಂತೂ ಸೀಸೆ ಮುಟ್ಟಲೇಬಾರದು. ನೈಟ್ರೈಲ್ ಅಥವಾ ವಿನೈಲ್ ಕೈಗವಸು ಹಾಕಿಕೊಳ್ಳಿ. ಮಾಮೂಲಿ ಲ್ಯಾಟೆಕ್ಸ್ ಇದನ್ನು ತಡೆಯುವುದಿಲ್ಲ. ಗರ್ಭಕೋಶದೊಳಗೆ ಗಾಜಿನ ಗೋಲಿ ಇಡಿಸುವ ಹಳೆಯ ಉಪಾಯವನ್ನು ಯಾರಾದರೂ ಹೇಳಿದರೆ ಬೇಡ ಎನ್ನಿ. ಗೋಲಿ ಒಳಗೇ ಒಡೆದು ಚೂರಾದದ್ದಿದೆ.

ಇನ್ನು ಮರಿ ಹಾಕಿಸುವ ಸಲಹೆ. ಗಬ್ಬದಲ್ಲಿರುವಷ್ಟು ಕಾಲ ಬೆದೆ ಬರದು, ಅಷ್ಟು ನಿಜ. ಗಬ್ಬ ಸುಮಾರು 340 ದಿನ. ಏಳೆಂಟು ತಿಂಗಳವರೆಗೆ ಹಗುರ ಕೆಲಸ ಮಾಡಿಸಬಹುದು. ಕೊನೆಯ ಮೂರು ತಿಂಗಳು ಇಲ್ಲ. ಮರಿ ಹಾಕಿದ ಮೇಲೆ ಮೊಲೆ ಬಿಡಿಸಲು ಇನ್ನು ನಾಲ್ಕರಿಂದ ಆರು ತಿಂಗಳು. ಸರಿಸುಮಾರು ಎಂಟು ತಿಂಗಳ ಕೆಲಸ ಹೋಯಿತು, ಮೇಲೆ ಒಂದು ಮರಿ ಬಂತು, ಮರಿ ಹಾಕಿದ ಏಳರಿಂದ ಹತ್ತು ದಿನಕ್ಕೇ ಮತ್ತೆ ಬೆದೆ! ಸ್ವಭಾವ ತಿದ್ದಲು ಇಷ್ಟು ದುಬಾರಿ ದಾರಿ ಇನ್ನೊಂದಿಲ್ಲ.

ಪ್ರಶ್ನೆ: ಗೆಳೆಯರೊಬ್ಬರು ನಾಲ್ಕು ವರ್ಷದ ಸ್ಟಾಲಿಯನ್ನನ್ನು ಪುಕ್ಕಟೆ ಕೊಡುತ್ತೇನೆ ಎನ್ನುತ್ತಿದ್ದಾರೆ. ವಂಶಾವಳಿ ಕಾಗದವೂ ಇದೆ. ಹಾಗೇ ಇಟ್ಟುಕೊಂಡು ಕೆಲಸಕ್ಕೂ ತಳಿಗೂ ಬಳಸಬಹುದೇ, ಇಲ್ಲ ಬೀಜ ತೆಗೆಸಬೇಕೇ? (ಓಕ್ಲಹಾಮಾ)

ಉತ್ತರ: ಕುದುರೆ ಪುಕ್ಕಟೆ, ಬೇಲಿ ಪುಕ್ಕಟೆಯಲ್ಲ. ನಿಮ್ಮ ಗಡಿಯಲ್ಲಿರುವುದು ದನದ ರಾಂಚಿನ ಮಾಮೂಲಿ ನಾಲ್ಕಡಿಯ ಮುಳ್ಳುತಂತಿಯಾಗಿದ್ದರೆ ಅಲ್ಲಿಗೇ ಮಾತು ಮುಗಿಯಿತು. ಪಕ್ಕದವರ ಹೆಣ್ಣು ಕುದುರೆ ಬೆದೆಗೆ ಬಂದ ದಿನ ಇದು ಆ ತಂತಿಯ ಮೇಲೆ ಎದೆಯಿಟ್ಟು ನೂಕುತ್ತದೆ. ಎದೆ, ಮುಂಗಾಲು ಸೀಳಿ ಬರುತ್ತದೆ, ಇಲ್ಲವೇ ದಾಟಿ ಹೋಗಿ ಪಕ್ಕದವರ ಕುದುರೆಗೆ ಗಬ್ಬ ಕಟ್ಟಿಸಿ ನಿಮ್ಮ ಮೇಲೆ ದಾವೆ ತರುತ್ತದೆ. ಸ್ಟಾಲಿಯನ್ನಿಗೆ ಐದೂವರೆಯಿಂದ ಆರಡಿ ಎತ್ತರದ ಪೈಪಿನದೋ ಹಲಗೆಯದೋ ಬೇಲಿ ಬೇಕು. ಮೇಲೊಂದು ಕರೆಂಟ್ ತಂತಿ, ನಮ್ಮ ಮಲೆನಾಡಿನವರು ಐಬೆಕ್ಸ್ ಎನ್ನುವಂಥದ್ದು. ಹೆಣ್ಣುಗಳಿರುವ ಕಡೆಗೆ ಎರಡು ಸಾಲು ಬೇಲಿ, ನಡುವೆ ಎಂಟು-ಹತ್ತಡಿ ಓಣಿ. ಹಾಗೆಂದು ಕತ್ತಲ ಲಾಯದಲ್ಲಿ ಒಂಟಿಯಾಗಿ ಕಟ್ಟಿಹಾಕಿದರೆ ತೂಗಾಡುವುದು, ತನ್ನ ಪಕ್ಕೆಯನ್ನೇ ಕಚ್ಚಿಕೊಳ್ಳುವುದು ಶುರುವಾಗುತ್ತದೆ. ಬೇರೆ ಕುದುರೆಗಳು ಕಣ್ಣಿಗೆ ಬೀಳುತ್ತಿರಬೇಕು, ದಿನವೂ ಕೆಲಸವಿರಬೇಕು.

ಸ್ಟಾಲಿಯನ್ ಮೇಲೆ ಕೂತು ದನ ಕಾಯುವವರಿಲ್ಲವೇ ಎಂದರೆ ಇದ್ದಾರೆ. ಅವರ ಲಾಯದಲ್ಲಿ ತಳಿಗೆ ಕರೆದೊಯ್ಯುವ ಹಾಲ್ಟರ್ (ಹಿಡಿದು ನಡೆಸಲು ತಲೆಗೆ ಕಟ್ಟುವ ಪಟ್ಟಿ) ಬೇರೆ, ಕೆಲಸದ ಹಾಲ್ಟರ್ ಬೇರೆ. ಮೂಗಿನ ಮೇಲೆ ಸರಪಳಿ ಬಿದ್ದರೆ ಹೆಣ್ಣಿನ ಕಡೆಗೆ, ಹಗ್ಗದ ಹಾಲ್ಟರ್ ಬಿದ್ದರೆ ದನದ ಕಡೆಗೆ ಎಂದು ಕುದುರೆಗೆ ಮರೆಯದಂತೆ ಕಲಿಸಿರುತ್ತಾರೆ. ಅವೆರಡನ್ನು ಒಂದು ದಿನವೂ ಅದಲುಬದಲು ಮಾಡದ ಶಿಸ್ತು ದಿನವಿಡೀ ಅದರ ಜತೆಗಿರುವವರಿಗೆ ಸಾಧ್ಯ, ವಾರಾಂತ್ಯದ ರೈತರಿಗೆ ಕಷ್ಟ. ತಳಿ ವಿಷಯಕ್ಕೆ ಬಂದರೆ ಕಾಗದವಿದ್ದರೆ ಸಾಲದು. ಕ್ವಾರ್ಟರ್ ಹಾರ್ಸ್‌ಗಳಲ್ಲಿ ವಂಶದಿಂದ ಬರುವ ಕಾಯಿಲೆಗಳಿವೆ. ಸ್ನಾಯು ನಡುಗಿ ಕುಸಿಯುವ ಎಚ್‌ವೈಪಿಪಿ ಕಾಯಿಲೆ ಇಂಪ್ರೆಸಿವ್ ಎಂಬ ಒಂದೇ ಹೆಸರಾಂತ ಸ್ಟಾಲಿಯನ್ನಿನಿಂದ ಹರಡಿದ್ದು. ಜೀನು ಬೀಳುವ ಜಾಗದ ಚರ್ಮವೇ ಕಳಚಿಬರುವ ಹರ್ಡಾ, ಪೋಕೊ ಬ್ಯುಯೆನೊ ವಂಶದ್ದು. ಬೇರಿರುವ ನಾಲ್ಕು ಕೂದಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಮೈಕಟ್ಟು, ಗುಣ, ಕೆಲಸ, ವಂಶವಾಹಿ ಪರೀಕ್ಷೆ ನಾಲ್ಕರಲ್ಲೂ ಗೆದ್ದದ್ದಷ್ಟೇ ಬೀಜದ ಕುದುರೆಯಾಗಲಿ. ಉಳಿದವು ಒಳ್ಳೆಯ ಗೆಲ್ಡಿಂಗ್ ಆಗುತ್ತವೆ.

ಹಾಗಾಗಿ ತೆಗೆದುಕೊಳ್ಳಿ, ಬೀಜ ತೆಗೆಸಿ. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ಮಾಡಿಸುತ್ತಾರೆ. ನಾಲ್ಕಕ್ಕೂ ಆಗುತ್ತದೆ, ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚು. ನೊಣವಿಲ್ಲದ ತಂಪು ದಿನಗಳನ್ನು ಆರಿಸಿ. ಮುಂಚೆಯೇ ಎರಡೂ ಬೀಜ ಚೀಲದೊಳಗೆ ಕೈಗೆ ಸಿಗುತ್ತವೆಯೇ ಎಂದು ವೈದ್ಯರು ಮುಟ್ಟಿ ನೋಡಲಿ. ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಅದು ಹೊಲದಲ್ಲಿ ಮಾಡುವ ಕೆಲಸವಲ್ಲ, ಆಸ್ಪತ್ರೆಯದು. ಧನುರ್ವಾಯು ಚುಚ್ಚುಮದ್ದು ತಪ್ಪಿಸಬೇಡಿ.

ಗಾಯವನ್ನು ಹೊಲಿಯುವುದಿಲ್ಲ, ಕೀವು-ನೀರು ಇಳಿಯಲೆಂದು ತೆರೆದೇ ಬಿಡುತ್ತಾರೆ. ಮೊದಲ 24 ಗಂಟೆ ಲಾಯದಲ್ಲಿ ಸುಮ್ಮನೆ ಇರಲಿ. ರಕ್ತ ಹನಿಹನಿಯಾಗಿ, ಎಣಿಸಲು ಸಿಗುವಂತೆ ಬೀಳುತ್ತಿದ್ದರೆ ಗಾಬರಿ ಬೇಡ. ಧಾರೆಯಾಗಿ ಸುರಿದು ಹದಿನೈದು ನಿಮಿಷಕ್ಕೂ ನಿಲ್ಲದಿದ್ದರೆ ವೈದ್ಯರನ್ನು ಕರೆಯಿರಿ. ಗಾಯದಿಂದ ಕರುಳು ಇಣುಕಿದರೆ ಅದು ಪ್ರಾಣಕ್ಕೆ ಕುತ್ತು. ಒಳಗೆ ತಳ್ಳಬೇಡಿ, ಕತ್ತರಿಸಬೇಡಿ, ಶುದ್ಧವಾದ ಒದ್ದೆ ಟವೆಲ್ಲಿನಲ್ಲಿ ತೊಟ್ಟಿಲಂತೆ ಎತ್ತಿ ಹಿಡಿದು ಕುದುರೆಯನ್ನು ಕದಲದಂತೆ ನಿಲ್ಲಿಸಿ ಫೋನ್ ಮಾಡಿ. ಎಲ್ಲ ಸರಿಯಿದ್ದರೆ ಎರಡನೇ ದಿನದಿಂದ ಎರಡು ವಾರ, ದಿನಕ್ಕೆರಡು ಸಲ 15–20 ನಿಮಿಷ ಕುಕ್ಕುಲೋಟದಲ್ಲಿ ಓಡಿಸಲೇಬೇಕು. ಇಲ್ಲೇ ಎಲ್ಲರೂ ತಪ್ಪುವುದು. ‘ಪಾಪ, ನೋವಿದೆ’ ಎಂದು ನಿಲ್ಲಿಸಿಬಿಡುತ್ತಾರೆ. ಗಾಯದ ಬಾಯಿ ಮುಚ್ಚಿ, ಒಳಗೆ ನೀರು ತುಂಬಿ, ನಾಲ್ಕೈದನೇ ದಿನಕ್ಕೆ ಶಿಶ್ನದ ಚೀಲ ಕುಂಬಳಕಾಯಿಯಾಗುತ್ತದೆ. ಅಷ್ಟರಲ್ಲಿ ಜ್ವರ ಬಂತೋ, ಮೇವು ಬಿಟ್ಟಿತೋ, ಸೋಂಕು ಎಂದೇ ತಿಳಿಯಿರಿ.

ಒಳಗಿನ ನಾಳದಲ್ಲಿ ವೀರ್ಯ ಉಳಿದಿರುತ್ತದೆ. ಒಂದು ತಿಂಗಳಾದರೂ ಹೆಣ್ಣುಗಳಿಂದ ದೂರವಿಡಿ. ಕೊಬ್ಬು ಇಳಿಯಲು ಎರಡು ತಿಂಗಳೋ ಇನ್ನೂ ಹೆಚ್ಚೋ ಬೇಕಾಗಬಹುದು.

ಪ್ರಶ್ನೆ: ಆರು ವರ್ಷದ ಗೆಲ್ಡಿಂಗ್ ಈಗಲೂ ಹೆಣ್ಣುಗಳನ್ನು ಒಟ್ಟುಗೂಡಿಸಿ ಕಾಯುತ್ತದೆ, ಮೇಲೇರುತ್ತದೆ. ಶಸ್ತ್ರಕ್ರಿಯೆ ಅರೆಬರೆ ಆಗಿದೆಯೇ? (ನೆಬ್ರಾಸ್ಕಾ)

ಉತ್ತರ: ಬಹುತೇಕ ಇಲ್ಲ. ಎಳವೆಯಲ್ಲೇ ಬೀಜ ತೆಗೆಸಿದರೂ ನಾಲ್ಕೈದು ಗೆಲ್ಡಿಂಗಿನಲ್ಲಿ ಒಂದು ಹೀಗೆ ಆಡುವುದುಂಟು. ಅನುಮಾನ ಉಳಿಯಬಾರದೆಂದರೆ ಎಎಂಎಚ್ ಎಂಬ ಹಾರ್ಮೋನಿಗೆ ರಕ್ತಪರೀಕ್ಷೆ ಮಾಡಿಸಿ. ಹೊಟ್ಟೆಯೊಳಗೆ ಬೀಜ ಉಳಿದಿದ್ದರೆ ಅದರಲ್ಲಿ ಕಾಣುತ್ತದೆ. ಏನೂ ಕಾಣದಿದ್ದರೆ ಗಂಡುಗಳನ್ನೂ ಹೆಣ್ಣುಗಳನ್ನೂ ಬೇರೆ ಬೇರೆ ಹುಲ್ಲುಗಾವಲಿನಲ್ಲಿ ಬಿಡಿ. ಬೇರೆ ಮದ್ದು ಬೇಕಿಲ್ಲ.

ಪ್ರಶ್ನೆ: ಹಳೆಯ ರಾಂಚುಗಳಲ್ಲಿ ಕೌಬಾಯ್‌ಗಳು ಹೆಣ್ಣು ಕುದುರೆ ಏರುತ್ತಲೇ ಇರಲಿಲ್ಲವಂತೆ. ಹೆಣ್ಣಿಗೆ ಶಕ್ತಿ ಕಡಿಮೆಯೇ? (ಪಶುವೈದ್ಯ ವಿದ್ಯಾರ್ಥಿ, ಬೀದರ್)

ಉತ್ತರ: ಶಕ್ತಿಯಲ್ಲೂ ಜಾಣ್ಮೆಯಲ್ಲೂ ಕಡಿಮೆಯಿಲ್ಲ. ಅದು ವ್ಯವಸ್ಥೆಯ ಪ್ರಶ್ನೆ. ಒಬ್ಬೊಬ್ಬ ಕೌಬಾಯ್‌ಗೆ ಆರರಿಂದ ಹತ್ತು ಕುದುರೆ. ಬೆಳಗಿಗೊಂದು, ಮಧ್ಯಾಹ್ನಕ್ಕೊಂದು, ರಾತ್ರಿ ಕಾವಲಿಗೊಂದು. ಇಡೀ ತಂಡದ ಕುದುರೆಗಳೆಲ್ಲ ಒಂದೇ ಹಿಂಡಾಗಿ ಮೇಯುತ್ತಿದ್ದವು. ಅದಕ್ಕೆ ಬದಲಿ ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ ರೆಮುದಾ ಎಂದು ಹೆಸರು. ನೂರು ಗೆಲ್ಡಿಂಗ್‌ಗಳ ನಡುವೆ ಬೆದೆಗೆ ಬಂದ ಒಂದು ಹೆಣ್ಣು ಸೇರಿದರೆ ಒದೆತ, ಕಚ್ಚಾಟ, ಬೆಳಗಾದರೆ ಅರ್ಧ ಹಿಂಡು ಕುಂಟು. ಅದಕ್ಕೇ ಹೆಣ್ಣುಗಳನ್ನು ಸ್ಟಾಲಿಯನ್ ಜತೆ ಬೇರೆ ಹಿಂಡಿನಲ್ಲಿ ಮರಿಗಾಗಿ ಇಡುತ್ತಿದ್ದರು. ಕೆಲಸಕ್ಕೆ ಬೇಡವಾದ ಅದೇ ಹೆಣ್ಣು ಹೇಸರಗತ್ತೆಗಳ ಸಾಲಿಗೆ ಯಜಮಾನಿ! ಕೊರಳಿಗೆ ಗಂಟೆ ಕಟ್ಟಿದ ಒಂದು ಹೆಣ್ಣು ಕುದುರೆ ಮುಂದೆ ನಡೆದರೆ ಹೇಸರಗತ್ತೆಗಳೆಲ್ಲ ಅದರ ಹಿಂದೆ.

ಉಳಿದದ್ದು ಬರೀ ಪ್ರತಿಷ್ಠೆ. ಅರ್ಜೆಂಟೀನಾದ ದನಗಾಹಿ ಗೌಚೊಗಳಿಗೆ ಹೆಣ್ಣು ಕುದುರೆ ಏರುವುದೆಂದರೆ ಅವಮಾನ. ಅರಬ್ಬೀ ಮರುಭೂಮಿಯ ಬೆದೂಯಿನರು ಇದಕ್ಕೆ ತಿರುವುಮುರುವು: ರಾತ್ರಿ ದಾಳಿಗೆ ಹೋದಾಗ ಎದುರಾಳಿಯ ಕುದುರೆ ಕಂಡು ಕೆನೆಯುವುದಿಲ್ಲವೆಂದು ಹೆಣ್ಣನ್ನೇ ಏರುತ್ತಿದ್ದರು.

ದನವನ್ನು ಹಿಂಡಿನಿಂದ ಬೇರ್ಪಡಿಸುವ ಕಟಿಂಗ್ ಪಂದ್ಯದ ಚರಿತ್ರೆ ನೋಡಿದರೆ ಶಕ್ತಿಯ ಮಾತು ಅಲ್ಲೇ ಬಿದ್ದುಹೋಗುತ್ತದೆ. 1949ರಲ್ಲಿ ಹುಟ್ಟಿದ ಪೋಕೊ ಲೀನಾ ಎಂಬ ಹೆಣ್ಣು ಆ ಆಟದ ದಂತಕಥೆ. ಅದರ ಇಬ್ಬರು ಗಂಡುಮಕ್ಕಳು, ಡಾಕ್ ಒಲೀನಾ 1970ರಲ್ಲಿ, ಡ್ರೈ ಡಾಕ್ 1971ರಲ್ಲಿ, ಆ ಪಂದ್ಯದ ಫ್ಯೂಚುರಿಟಿಯನ್ನು, ಅಂದರೆ ಮೂರು ವರ್ಷದ ಕುದುರೆಗಳ ಸ್ಪರ್ಧೆಯನ್ನು, ಗೆದ್ದವು. 1940ರಲ್ಲಿ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ ಕ್ವಾರ್ಟರ್ ಹಾರ್ಸ್ ಸಂಘದ ಪಟ್ಟಿಯಲ್ಲಿ ನಂಬರ್ ಒಂದು ಕಿಂಗ್ ರಾಂಚಿನ ವಿಂಪಿ ಎಂಬ ಸ್ಟಾಲಿಯನ್ ಇರಬಹುದು; ಆದರೆ ಒಳ್ಳೆಯ ರಾಂಚಿನವರು ಕೈಬಿಡಲು ಒಪ್ಪದೆ ಹಿಡಿದಿಟ್ಟುಕೊಳ್ಳುವುದು ಹೆಣ್ಣಿನ ಸಾಲನ್ನು. ಕಾಲು ಸೋತ ಗೆಲ್ಡಿಂಗಿನ ಕೆಲಸ ಅಲ್ಲಿಗೆ ಮುಗಿಯಿತು, ಹೆಣ್ಣಿನ ಕೆಲಸ ಮುಗಿಯದು.

ಪ್ರಶ್ನೆ: ಕರುಗಳಿಗೆ ಬರ್ಡಿಜೋ ಇಕ್ಕಳದಲ್ಲಿ ನರ ಒತ್ತಿ ಬೀಜ ಒಡೆಸುತ್ತೇವೆ, ಹನಿ ರಕ್ತ ಬರದು. ಜಾತ್ರೆಯಲ್ಲಿ ಕೊಂಡ ಗಂಡು ಕುದುರೆ ಮರಿಗೂ ಹಾಗೇ ಮಾಡಿಸಬಹುದೇ? (ತುಮಕೂರು ಜಿಲ್ಲೆ)

ಉತ್ತರ: ಬೇಡ. ಕುದುರೆಯ ಬೀಜ ಹೋರಿಯದರಂತೆ ಉದ್ದ ಚೀಲದಲ್ಲಿ ತೂಗಾಡುವುದಿಲ್ಲ, ಮೈಗೆ ಅಂಟಿಕೊಂಡಿರುತ್ತದೆ. ಇಕ್ಕಳಕ್ಕೆ ನರ ಸರಿಯಾಗಿ ಸಿಗುವುದಿಲ್ಲ. ರಬ್ಬರ್ ಉಂಗುರವೂ ಸಲ್ಲದು. ಅರಿವಳಿಕೆ ಕೊಟ್ಟು ಶಸ್ತ್ರಕ್ರಿಯೆಯೇ ಆಗಬೇಕು. ಓಕ್ಲಹಾಮಾದವರಿಗೆ ಬರೆದ ಆರೈಕೆಯೆಲ್ಲ ನಿಮಗೂ ಅನ್ವಯ.

ಪ್ರಶ್ನೆ: ಗೆಲ್ಡಿಂಗ್ ಕಾಲು ಅಗಲಿಸಿ ನಿಂತು ತಿಣುಕುತ್ತದೆ, ಉಚ್ಚೆ ಎಳೆಎಳೆಯಾಗಿ ಅಡ್ಡ ಸಿಡಿಯುತ್ತದೆ. (ನ್ಯೂ ಮೆಕ್ಸಿಕೊ)

ಉತ್ತರ: ಮೂತ್ರಕೋಶದ ಕಲ್ಲು ಎಂದು ಹೆದರುವ ಮುಂಚೆ ಶಿಶ್ನದ ತುದಿ ನೋಡಿ. ಮೂತ್ರದ ರಂಧ್ರದ ಸುತ್ತ, ಮೇಲುಗಡೆಗೆ, ಒಂದು ಸಣ್ಣ ಜೇಬಿದೆ. ಚರ್ಮದ ಕೊಳೆಯೂ ಜಿಡ್ಡೂ ಅಲ್ಲಿ ಸೇರಿ ಬೂದುಬಣ್ಣದ ಉಂಡೆಯಾಗುತ್ತದೆ. ಮೊದಮೊದಲು ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿಯಷ್ಟು ಮೆತ್ತಗೆ, ಬಿಟ್ಟರೆ ಅವರೆಕಾಳಿನ ಗಾತ್ರದ ಕಲ್ಲು. ಅದು ರಂಧ್ರವನ್ನು ಪಕ್ಕದಿಂದ ಒತ್ತುತ್ತದೆ. ಕೈಗವಸು ಹಾಕಿ, ಉಗುರು ಬೆಚ್ಚಗಿನ ನೀರು ಮತ್ತು ಸೌಮ್ಯ ಸಾಬೂನಿನಿಂದ ನೆನೆಸಿ, ಕಿರುಬೆರಳನ್ನು ಜೇಬಿನ ಅಂಚಿನಲ್ಲಿ ಸುತ್ತಾಡಿಸಿದರೆ ಇಡಿಯಾಗಿ ಜಾರಿ ಬರುತ್ತದೆ. ಆಮೇಲೆ ಸಾಬೂನು ಚೂರೂ ಉಳಿಯದಂತೆ ತೊಳೆಯಿರಿ. ಕ್ರಿಮಿನಾಶಕ ಸಾಬೂನು ಬೇಡ, ಅಲ್ಲಿರಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಪಕ್ಕೆಗೆ ಭುಜ ತಾಗಿಸಿ ನಿಲ್ಲಿ, ಹಿಂಗಾಲಿನ ನೇರಕ್ಕೆ ಬೇಡ. ಮುಟ್ಟಲು ಬಿಡದಿದ್ದರೆ ವೈದ್ಯರು ಮತ್ತಿನ ಮದ್ದು ಕೊಟ್ಟಾಗ ಮಾಡಿಸಿ. ವರ್ಷಕ್ಕೊಮ್ಮೆ, ಕೆಲವಕ್ಕೆ ಎರಡು ಸಲ ಬೇಕು. ಗುಲಾಬಿ ಚರ್ಮದ ಪೇಂಟ್, ಅಪಲೂಸಾ ತಳಿಯ ಕುದುರೆಯಾದರೆ ಆರದ ಹುಣ್ಣೋ ಹೂಕೋಸಿನಂಥ ಗಂಟೋ ಇದೆಯೇ ನೋಡಿಕೊಳ್ಳಿ. ಅಲ್ಲಿ ಚರ್ಮದ ಕ್ಯಾನ್ಸರ್ ಬರುವುದುಂಟು.

ಹೆಣ್ಣು ಕುದುರೆಯಿರುವವರು ಎರಡು ಮೊಲೆಗಳ ನಡುವಿನ ಸಂದಿಯಲ್ಲಿ ಕೈಯಾಡಿಸಿ. ಬಾಲದ ಬುಡವನ್ನು ಕಂಬಕ್ಕೆ ತಿಕ್ಕಿ ಕೂದಲು ಉದುರಿಸಿಕೊಂಡಿದ್ದರೆ ಜಂತುಹುಳುವೇ ಕಾರಣವೆಂದು ಎಲ್ಲರೂ ಮದ್ದು ಹಾಕುತ್ತಾರೆ. ಎಷ್ಟೋ ಸಲ ಕಾರಣ ಆ ಸಂದಿಯ ಕರಿ ಜಿಡ್ಡು.